ಹಿರಿಯರ ಮರೆವಿನ ಕಾಯಿಲೆ ಮತ್ತು ಕೊಲೆಸ್ಟ್ರಾಲ್: ಎಚ್ಚರ ವಹಿಸಬೇಕಾದ ವಯಸ್ಸು ಯಾವುದು?

ಹಿರಿಯ ನಾಗರಿಕರ ಸೌಲಭ್ಯಗಳಿಗೆ ಅನೇಕ ಸಂದರ್ಭಗಳಲ್ಲಿ ಅವರ ಪರವಾಗಿ ಅರ್ಜಿ ಸಲ್ಲಿಸುವವರು ನಲವತ್ತು, ಐವತ್ತು ವರ್ಷ ದಾಟಿದ ಮಕ್ಕಳು. ಈ ಮಾಹಿತಿಯು ಹಿರಿಯರಷ್ಟೇ ಅವರಿಗೂ ಸಂಬಂಧಿಸಿದ್ದಾಗಿದೆ.

2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದರ ಅಂದಾಜಿನಂತೆ, ಭಾರತದಲ್ಲಿ 60 ವರ್ಷ ಮೇಲ್ಪಟ್ಟವರ ಪೈಕಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿ, ಮರೆವಿನ ಕಾಯಿಲೆಯಿಂದ (ಡಿಮೆನ್ಷಿಯಾ) ಬಳಲುತ್ತಿದ್ದಾರೆ. 2024ರಲ್ಲಿ ಲ್ಯಾನ್ಸೆಟ್ ಆಯೋಗವು ಈ ಕಾಯಿಲೆಗೆ ಸಂಬಂಧಿಸಿದ, ಬದಲಾಯಿಸಬಹುದಾದ 14 ಅಪಾಯಕಾರಿ ಅಂಶಗಳನ್ನು ಗುರುತಿಸಿತು. ಮಧ್ಯವಯಸ್ಸಿನಲ್ಲಿ ಅಧಿಕವಾಗಿರುವ ಎಲ್‌ಡಿಎಲ್ ಕೊಲೆಸ್ಟ್ರಾಲ್ ಅವುಗಳಲ್ಲಿ ಹೊಸದಾಗಿ ಸೇರಿತು. ಈ ಎಲ್ಲ ಅಂಶಗಳನ್ನು ನಿವಾರಿಸಿದಲ್ಲಿ ಸುಮಾರು ಶೇ. 45ರಷ್ಟು ಪ್ರಕರಣಗಳನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯವೆಂದು, ಅದರಲ್ಲಿ ಕೊಲೆಸ್ಟ್ರಾಲಿನ ಪಾಲು ಸುಮಾರು ಶೇ. 7 ಎಂದು ಆಯೋಗವು ಅಂದಾಜಿಸಿದೆ.

ಎಲ್‌ಡಿಎಲ್ ರಕ್ತನಾಳಗಳ ಒಳಗೋಡೆಯಲ್ಲಿ ಶೇಖರಗೊಂಡು ಅವುಗಳನ್ನು ಕಿರಿದಾಗಿಸುತ್ತದೆ. ಮೆದುಳಿಗೆ ರಕ್ತ ಪೂರೈಕೆ ಕುಂದಿದಾಗ ಸಣ್ಣ ಪಾರ್ಶ್ವವಾಯು ಗಮನಕ್ಕೆ ಬಾರದೆಯೂ ಸಂಭವಿಸಬಹುದು. ಹೀಗೆ ಹಾನಿ ವರ್ಷಗಟ್ಟಲೆ ಬೆಳೆದು ನೆನಪು ಮತ್ತು ವಿವೇಚನೆಯನ್ನು ಕುಗ್ಗಿಸುತ್ತದೆ.

ಇಳಿವಯಸ್ಸಿನಲ್ಲಿ, ವಿಶೇಷವಾಗಿ ಮರೆವು ಕಾಣಿಸಿಕೊಳ್ಳುವ ಮುನ್ನಿನ ವರ್ಷಗಳಲ್ಲಿ, ಕೊಲೆಸ್ಟ್ರಾಲ್ ತಾನಾಗಿ ಇಳಿಯುವುದುಂಟು. ಆದ್ದರಿಂದ ಆಗಿನ ವರದಿ ಸಮರ್ಪಕವಾಗಿದ್ದ ಮಾತ್ರಕ್ಕೆ ಹಿಂದಿನ ಹಾನಿ ಇಲ್ಲವೆಂದು ಭಾವಿಸಲಾಗದು. 2002ರಲ್ಲಿ ಪ್ರಕಟವಾದ ಎರಡು ದೊಡ್ಡ ಪ್ರಯೋಗಗಳಲ್ಲಿ ಸ್ಟ್ಯಾಟಿನ್ ಮಾತ್ರೆಗಳು ಹೃದಯಾಘಾತದ ಅಪಾಯವನ್ನು ತಗ್ಗಿಸಿದವು; ಆದರೆ ನೆನಪಿನ ಶಕ್ತಿ ಕುಂದುವುದನ್ನು ತಡೆಯಲಿಲ್ಲ. ಹಾಗೆಂದು ವೈದ್ಯರು ಸೂಚಿಸಿದ ಮಾತ್ರೆಗಳನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸಬಾರದು. ಮರೆವು ಆರಂಭವಾದ ಬಳಿಕ ಮಾತ್ರೆಯನ್ನು ಅವಲಂಬಿಸುವುದಕ್ಕಿಂತ ಮಧ್ಯವಯಸ್ಸಿನಲ್ಲಿಯೇ ಎಚ್ಚರ ವಹಿಸುವುದು ಸೂಕ್ತವೆಂಬುದು ಇದರ ತಾತ್ಪರ್ಯ.

ನಾಗರಿಕರು ಗಮನಿಸಬೇಕಾದ ಅಂಶಗಳು:

1. 30 ವರ್ಷ ಮೇಲ್ಪಟ್ಟವರು ಸಮೀಪದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ ಹಾಗೂ ಮಧುಮೇಹ ತಪಾಸಣೆ ಮಾಡಿಸಿಕೊಳ್ಳುವುದು; ಕೊಲೆಸ್ಟ್ರಾಲ್ ಪರೀಕ್ಷೆಯ ಬಗ್ಗೆ ಅಲ್ಲಿನ ವೈದ್ಯರಲ್ಲಿ ವಿಚಾರಿಸುವುದು.
2. ತಂಬಾಕನ್ನು ತ್ಯಜಿಸುವುದು, ಕರಿದ ಪದಾರ್ಥ ಹಾಗೂ ವನಸ್ಪತಿಯನ್ನು ಮಿತಗೊಳಿಸುವುದು, ನಿತ್ಯ ನಡಿಗೆ ರೂಢಿಸಿಕೊಳ್ಳುವುದು.
3. ಹಿರಿಯರ ಮರೆವು ದಿನನಿತ್ಯದ ಕೆಲಸಗಳಿಗೆ ಅಡ್ಡಿಯಾದಲ್ಲಿ ಜಿಲ್ಲಾ ಆಸ್ಪತ್ರೆಯನ್ನು ಸಂಪರ್ಕಿಸುವುದು. ನಿಮ್ಹಾನ್ಸ್ ಸಹಯೋಗದಲ್ಲಿ 2022ರಲ್ಲಿ ಆರಂಭವಾದ ಕರ್ನಾಟಕ ಮೆದುಳು ಆರೋಗ್ಯ ಉಪಕ್ರಮವು ಇಂತಹವರಿಗಾಗಿಯೂ ಇದೆ.
4. ಬಾಯಿ ಸೊಟ್ಟಗಾಗುವುದು, ಕೈ ಬಲಹೀನವಾಗುವುದು, ಮಾತು ತೊದಲುವುದು ಹಠಾತ್ತನೆ ಕಂಡುಬಂದಲ್ಲಿ ವಿಳಂಬ ಮಾಡದೆ 108ಕ್ಕೆ ಕರೆ ಮಾಡುವುದು.

ಹಿರಿಯ ನಾಗರಿಕರು ಮಾಹಿತಿ ಮತ್ತು ನೆರವಿಗಾಗಿ 14567 ಉಚಿತ ಸಹಾಯವಾಣಿಯನ್ನು ಬಳಸಿಕೊಳ್ಳಬಹುದು. ತಂದೆ ತಾಯಿಯರನ್ನು ತಪಾಸಣೆಗೆ ಕರೆತರುವವರು ಅದೇ ದಿನ ತಮ್ಮ ತಪಾಸಣೆಯನ್ನೂ ಮಾಡಿಸಿಕೊಳ್ಳಬೇಕೆಂದು ಕೋರಲಾಗಿದೆ.