ಲಾಯ ಕಟ್ಟುವ ಮೊದಲು

ಹೊಸೂರು, ಬಾಗಲೂರು, ಡೆಂಕಣಿಕೋಟೆ ಸೀಮೆಯಲ್ಲಿ ಎರಡು ಎಕರೆ ತೋಟವಿದ್ದವರ ಬಾಗಿಲಿಗೆ ಬೆಂಗಳೂರಿನಿಂದ ಬರುವ ಕೋರಿಕೆಗಳು ಹಲವು. ಗುಲಾಬಿಗೆ ಪಾಲಿಹೌಸ್ ಹಾಕೋಣ ಎನ್ನುವವರಿದ್ದಾರೆ, ಮದುವೆ ಮಂಟಪಕ್ಕೆ ಜಾಗ ಕೇಳುವವರಿದ್ದಾರೆ. ಈ ಸಾಲಿಗೆ ಕುದುರೆಯ ಮಾತೂ ಸೇರಿದೆ. "ಒಂದು ಲಾಯ ಕಟ್ಟಿ. ನಮ್ಮ ಕುದುರೆ ನಿಮ್ಮಲ್ಲಿರಲಿ, ತಿಂಗಳಿಗೆ ಇಷ್ಟು ಅಂತ ಕೊಡ್ತೀವಿ. ಶನಿವಾರ ಭಾನುವಾರ ಮಕ್ಕಳಿಗೆ ಸವಾರಿ ಕಲಿಸಿದರೆ ಆ ಫೀಸೂ ನಿಮ್ಮದೇ." ಕೇಳೋದಕ್ಕೆ ಚೆನ್ನಾಗಿಯೇ ಇದೆ. ಹತ್ತು ಹಸು ಸಾಕಿದವನಿಗೆ ನಾಲ್ಕು ಕುದುರೆ ಏನು ಮಹಾ ಎಂದು ಅನ್ನಿಸುವುದೂ ಸಹಜ. ಮೋಸ ಹೋಗುವುದು ಇಲ್ಲಿಯೇ.

ಕುದುರೆ ಈ ಮಣ್ಣಿಗೆ ಹೊಸದಲ್ಲ. ಹೊಸೂರಿನ ಪಕ್ಕದ ಮತ್ತಿಗಿರಿಯಲ್ಲಿ ಈಸ್ಟ್ ಇಂಡಿಯಾ ಕಂಪೆನಿಯವರು 1824ರಲ್ಲಿ ಫಾರಂ ತೆರೆದದ್ದೇ ಸೈನ್ಯದ ಕುದುರೆಗಳಿಗಾಗಿ. ಆ ಜಾಗ ಇಂದು ತಮಿಳುನಾಡು ಸರಕಾರದ ಜಾನುವಾರು ಕ್ಷೇತ್ರ. ಕಂಪೆನಿಯ ಕುದುರೆಗೆ ಹುಲ್ಲಿನ ಖರ್ಚು ಖಜಾನೆಯಿಂದ ಬರುತ್ತಿತ್ತು. ನಮ್ಮ ತೋಟದ ಲಾಯದಲ್ಲಿ ಅದು ನಮ್ಮ ಜೇಬಿನಿಂದಲೇ ಬರಬೇಕು.

ಲೆಕ್ಕ ಹಾಕಿ ನೋಡೋಣ. 400 ಕಿಲೋ ತೂಗುವ ಕುದುರೆಗೆ ದಿನಕ್ಕೆ ಕನಿಷ್ಠ 8 ಕಿಲೋ ಒಣ ಮೇವು ಬೇಕು. ಕುಡಿಯಲು 30ರಿಂದ 40 ಲೀಟರ್ ನೀರು, ಬೇಸಗೆಯಲ್ಲಿ ಇನ್ನೂ ಹೆಚ್ಚು. ಆರು ಕುದುರೆ ಎಂದರೆ ತಿಂಗಳಿಗೆ ಸುಮಾರು ಒಂದೂವರೆ ಟನ್ ಹುಲ್ಲು. ಅದರ ಮೇಲೆ ಹುರುಳಿ, ಓಟ್ಸ್, ತೌಡು, ಉಪ್ಪು. ಸವಾರಿ ಕಲಿಯುವವರು ಬರುವುದು ವಾರಕ್ಕೆ ಎರಡು ದಿನ. ಮಳೆಗಾಲದಲ್ಲಿ, ಪರೀಕ್ಷೆ ಕಾಲದಲ್ಲಿ ಅದೂ ಇಲ್ಲ. ಕುದುರೆ ಮಾತ್ರ ಏಳು ದಿನವೂ ತಿನ್ನುತ್ತದೆ. ಹಸುವಾದರೆ ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹೋಗ್ತದೆ, ಲೆಕ್ಕ ಅಲ್ಲೇ ಆಗ್ತದೆ. ಕುದುರೆಯಿಂದ ದಿನಾ ಸಿಗುವುದು ಲದ್ದಿ ಒಂದೇ. ಹೊಲಕ್ಕೆ ಒಳ್ಳೆಯ ಗೊಬ್ಬರ ನಿಜ, ಆದರೆ ಅದನ್ನು ನಂಬಿ ಲಾಯ ನಡೆಸಲಾಗದು.

ಕುದುರೆ ಮೆಲುಕು ಹಾಕುವ ಪ್ರಾಣಿಯಲ್ಲ. ಅದರ ಜಠರ ಚಿಕ್ಕದು, ತಿಂದದ್ದನ್ನು ವಾಂತಿ ಮಾಡಲಾರದು. ಸ್ವಲ್ಪ ಸ್ವಲ್ಪವಾಗಿ ಇಡೀ ದಿನ ಮೇಯುವುದು ಅದರ ಸ್ವಭಾವ. ಎರಡು ಹೊತ್ತು ಬುಟ್ಟಿ ತುಂಬ ಕಾಳು ಸುರಿದರೆ, ಬೂಷ್ಟು ಹಿಡಿದ ಹುಲ್ಲು ಹಾಕಿದರೆ ಹೊಟ್ಟೆನೋವು ಬಂದು ರಾತ್ರೋರಾತ್ರಿ ಸಾಯುವುದುಂಟು. ಕುದುರೆ ಮೇವು ಬಿಟ್ಟು, ಹೊಟ್ಟೆಯ ಕಡೆ ತಿರುಗಿ ತಿರುಗಿ ನೋಡುತ್ತಾ, ಬೆವರಿ, ಬಿದ್ದು ಹೊರಳಾಡಿದರೆ ಬೆಳಗಾಗಲಿ ಎಂದು ಕಾಯಬೇಡಿ, ಡಾಕ್ಟರನ್ನು ಕರೆಸಿ. ಇನ್ನೊಂದು ಮಾತು, ಇದನ್ನು ಕೋಳಿ ಫಾರಂ ಇರುವವರು ಮುಖ್ಯವಾಗಿ ಗಮನಿಸಬೇಕು. ಕೋಳಿ ಆಹಾರದಲ್ಲಿ, ಕೆಲವು ದನದ ಆಹಾರದಲ್ಲೂ, ಮೊನೆನ್ಸಿನ್ ಎಂಬ ಔಷಧಿ ಬೆರೆಸಿರುತ್ತಾರೆ. ಕೋಳಿಗೆ ಅದು ಮದ್ದು, ಕುದುರೆಗೆ ವಿಷ, ಹೃದಯಕ್ಕೇ ಏಟು. ಮಿಕ್ಕಿದ ಚೀಲ ಖಾಲಿಯಾಗಲಿ ಎಂದು ಲಾಯಕ್ಕೆ ತಂದು ಸುರಿದೀರಿ, ಜೋಕೆ.

ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಿ ಲಾಳ ಬದಲಿಸಬೇಕು. ಧನುರ್ವಾಯುವಿನ ಚುಚ್ಚುಮದ್ದು ತಪ್ಪಿಸುವಂತಿಲ್ಲ, ಕುದುರೆಗೆ ಆ ರೋಗ ಬೇಗ ತಗಲುತ್ತದೆ. ಹೊಸ ಕುದುರೆ ಬಂದರೆ ಎರಡು ಮೂರು ವಾರ ದೂರ ಕಟ್ಟಿ, ಗ್ಲಾಂಡರ್ಸ್ ರೋಗಕ್ಕೆ ರಕ್ತ ಪರೀಕ್ಷೆ ಮಾಡಿಸಿ. ಅದು ಮನುಷ್ಯರಿಗೂ ಹರಡುವ ಕಾಯಿಲೆ. ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದವರು ಇದೆ ಎಂದು ಖಚಿತಪಡಿಸಿದರೆ ಆ ಕುದುರೆಯನ್ನು ಕೊಲ್ಲಲೇಬೇಕು, ಸುತ್ತಲಿನ ಕುದುರೆಗಳ ಓಡಾಟವೂ ನಿಲ್ಲುತ್ತದೆ. ಅತ್ತಿಬೆಲೆ ದಾಟಿಸಿ ಲಾರಿಯಲ್ಲಿ ಕುದುರೆ ತರುವಾಗ ಪ್ರಯಾಣಕ್ಕೆ ಯೋಗ್ಯ ಎಂಬ ಪಶುವೈದ್ಯರ ಸರ್ಟಿಫಿಕೇಟು ಜತೆಗಿರಬೇಕು. 1978ರ ಸಾಗಣೆ ನಿಯಮ ಹಾಗೆ ಹೇಳುತ್ತದೆ.

ಕಲಿಸುವ ವಿಚಾರ ಹೆಚ್ಚು ಹೇಳಬೇಕಿಲ್ಲ. ಜೀನೂ ಸೇರಿ ಸವಾರನ ಭಾರ ಕುದುರೆಯ ತೂಕದ ಐದರಲ್ಲೊಂದು ಪಾಲು ಮೀರಬಾರದು ಎಂಬುದು ಬಲ್ಲವರ ಲೆಕ್ಕ. 400 ಕಿಲೋ ಕುದುರೆಗೆ 80 ಕಿಲೋ. ಹೆಲ್ಮೆಟ್ ಇಲ್ಲದೆ ಯಾರ ಮಗನನ್ನೂ ಹತ್ತಿಸಬೇಡಿ.

ನಮಗೆ ನಿಜವಾದ ಚಿಂತೆ ಇರುವುದು ಬೇರೆಯವರ ಕುದುರೆ ಕಟ್ಟಿಕೊಳ್ಳುವ ವ್ಯವಹಾರದಲ್ಲಿ. ರೇಸಿನಿಂದ ಹೊರಬಿದ್ದ ಕುದುರೆ ಅಗ್ಗಕ್ಕೆ ಸಿಗುತ್ತದೆ. ಐದಾರು ವಯಸ್ಸಿಗೇ ಅದರ ಓಟ ಮುಗಿದಿರುತ್ತದೆ, ಆದರೆ ಕುದುರೆಯ ಆಯಸ್ಸು 25 ವರ್ಷ, ಮೂವತ್ತೂ ಆಗಬಹುದು. ಉತ್ಸಾಹದಿಂದ ಕೊಂಡವರು ಮೊದಲ ವರ್ಷ ವಾರ ವಾರ ಬೆಲ್ಲ, ಕ್ಯಾರೆಟ್ ಹಿಡಿದು ಬರುತ್ತಾರೆ. ಆಮೇಲೆ ಮಗಳು ಕಾಲೇಜಿಗೆ ಸೇರ್ತಾಳೆ, ಕೆಲಸ ಪುಣೆಗೆ ವರ್ಗವಾಗ್ತದೆ. ಮೂರು ತಿಂಗಳ ಬಾಕಿ ಆರಾಗುತ್ತದೆ, ಫೋನು ಎತ್ತುವುದು ನಿಲ್ಲುತ್ತದೆ. ಕುದುರೆ ನಿಮ್ಮ ಕೊಟ್ಟಿಗೆಯಲ್ಲೇ ಇರುತ್ತದೆ. ನಿಮ್ಮದಲ್ಲವಾದ್ದರಿಂದ ಮಾರುವ ಹಾಗಿಲ್ಲ. ಬೀದಿಗೆ ಬಿಡುವ ಹಾಗಿಲ್ಲ. ಉಪವಾಸ ಕೆಡವುವುದು, ಬಿಟ್ಟುಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ನಮ್ಮ ಸುಪರ್ದಿಗೆ ಒಪ್ಪಿಸಿದ್ದನ್ನು ನಮ್ಮದೇ ಸ್ವತ್ತಿನಷ್ಟು ಜೋಪಾನ ಮಾಡಬೇಕೆಂದು 1872ರ ಕರಾರು ಕಾಯಿದೆ ಬೇರೆ ಹೇಳುತ್ತದೆ.

ಹಾಗಾಗಿ ಬಾಯಿಮಾತು ಸಾಲದು. ಪರಿಚಯದವರು, ಒಳ್ಳೆಯವರು ಎಂದು ಸಂಕೋಚಪಟ್ಟುಕೊಂಡರೆ ಆ ಸಂಕೋಚದ ಬೆಲೆ ಒಂದೂವರೆ ಟನ್ ಹುಲ್ಲಿನ ಲೆಕ್ಕದಲ್ಲಿ ಬೀಳುತ್ತದೆ. ಎರಡು ಭಾಷೆಯಲ್ಲೂ ಕರಾರು ಬರೆಸಿ. ಮೂರು ತಿಂಗಳ ಹಣ ಮುಂಗಡ ಇರಲಿ. ನಡುರಾತ್ರಿ ಡಾಕ್ಟರು ಬಂದರೆ ಎಷ್ಟು ರೂಪಾಯಿಯವರೆಗೆ ಮಾಲೀಕರನ್ನು ಕೇಳದೆ ಖರ್ಚು ಮಾಡಬಹುದು, ಕಾಲು ಮುರಿದರೆ ತೀರ್ಮಾನ ಯಾರದು, ಇಷ್ಟು ತಿಂಗಳು ಹಣ ಬಾರದಿದ್ದರೆ ಕುದುರೆ ಯಾರ ಪಾಲು, ಇವೆಲ್ಲ ಕಾಗದದ ಮೇಲೆ ಇರಬೇಕು. ಗಡಿಯ ಆಚೆ ಒಂದು ಕೋರ್ಟು, ಈಚೆ ಒಂದು ಕೋರ್ಟು. ವ್ಯಾಜ್ಯ ಯಾವ ಊರಿನಲ್ಲಿ ನಡೆಯಬೇಕು ಎಂಬುದನ್ನೂ ವಕೀಲರನ್ನು ಕೇಳಿ ಸೇರಿಸಿಕೊಳ್ಳಿ. ಇದಕ್ಕೆ ಒಪ್ಪದವರ ಕುದುರೆ ನಿಮಗೆ ಬೇಡ.

ಸ್ವಂತಕ್ಕೆ ಕೊಳ್ಳುವವರಿಗೂ ಒಂದು ಪ್ರಶ್ನೆ ಉಂಟು. ಇಪ್ಪತ್ತು ದಾಟಿದ ಕುದುರೆ ಮಕ್ಕಳನ್ನು ಹೊರಲಾರದೆ ನಿಂತಾಗ ಅದರ ಹುಲ್ಲಿಗೆ ಹಣ ಎಲ್ಲಿಂದ? ದುಡಿಯುವ ದಿನಗಳಲ್ಲೇ ಪ್ರತಿ ಫೀಸಿನಲ್ಲಿ ಒಂದು ಪಾಲು ಅದಕ್ಕಾಗಿ ತೆಗೆದಿಡದ ಲಾಯ ಕೊನೆಗೆ ಮುದಿ ಕುದುರೆಯನ್ನು ದಲ್ಲಾಳಿಯ ಕೈಗೆ ಕೊಟ್ಟು ಮುಖ ತಿರುಗಿಸುತ್ತದೆ.

ಇಷ್ಟೆಲ್ಲ ತಿಳಿದೂ ಮುಂದೆ ಬರುವವರನ್ನು ಹೆದರಿಸುವುದು ನಮ್ಮ ಉದ್ದೇಶವಲ್ಲ. ಹುರುಳಿ, ಹುಲ್ಲು, ಕಾನ್ಪುರದ ಜೀನು ಕಡಿವಾಣ ತರಿಸಿ ಮಾರುವ ವ್ಯಾಪಾರಿಗಳಿಗೂ ಇದರಲ್ಲಿ ದಾರಿ ಉಂಟು. ಕೊರತೆ ಇರುವುದು ಕೈಗೆ ಕೆಲಸ ಬಲ್ಲ ಆಳುಗಳದ್ದು. ಹೊಸೂರಿನಲ್ಲಿ ಕೋಳಿ ಸಾಕಣೆಗೆಂದೇ ತಮಿಳುನಾಡು ಪಶುವೈದ್ಯ ವಿಶ್ವವಿದ್ಯಾಲಯದ ಕಾಲೇಜಿದೆ, ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯ ಕಾಲೇಜಿದೆ. ನಡುವೆ ಇರುವುದು ಐವತ್ತು ಕಿಲೋಮೀಟರಿನ ಆಸುಪಾಸಿನ ದಾರಿ. ಎರಡೂ ಕಡೆಯವರು ಕೂಡಿ ವರ್ಷಕ್ಕೆ ಎರಡು ವಾರ ಮತ್ತಿಗಿರಿಯಲ್ಲೇ ಲಾಳ ಕಟ್ಟುವ ಕೆಲಸ, ಲಾಯದ ಚಾಕರಿ, ಹೊಟ್ಟೆನೋವಿನ ಪ್ರಥಮ ಚಿಕಿತ್ಸೆ ಕಲಿಸಲಿ. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಕಲಿಸಲಿ, ಏಕೆಂದರೆ ಇಲ್ಲಿನ ಕೊಟ್ಟಿಗೆಗಳಲ್ಲಿ ಮೂರೂ ನಡೆಯುತ್ತವೆ. ಹಾಲು ಸಂಘಗಳ ಕಾರ್ಯದರ್ಶಿಗಳು ಈ ಬೇಡಿಕೆಯನ್ನು ಬರಹದಲ್ಲಿ ಎರಡೂ ಇಲಾಖೆಗಳಿಗೆ ಕಳಿಸಬೇಕು.