ಕಾವಲು ಮುಗಿದ ನಾಯಿಗೂ ಜಗಲಿಯಲ್ಲಿ ಜಾಗ ಇರಲಿ

ತೋಟದ ಕಾವಲಿಗೆಂದು ದೊಡ್ಡ ಜಾತಿಯ ನಾಯಿ ಸಾಕುವವರು ನಮ್ಮಲ್ಲಿ ಬಹಳ ಮಂದಿ. ಮಂಗ, ಹಂದಿ, ಕಳ್ಳರ ಕಾಟಕ್ಕೆ ಇದೊಂದು ಉಪಾಯ. ಅಲ್ಸೇಶಿಯನ್, ಲ್ಯಾಬ್ರಡಾರ್ ಮರಿಗೆ ಸಾವಿರಾರು ರೂಪಾಯಿ ಕೊಡುತ್ತೇವೆ. ಏನು ತಿನ್ನಿಸಬೇಕು, ಚುಚ್ಚುಮದ್ದು ಯಾವಾಗ ಎಂದು ನಾಲ್ಕು ಜನರಲ್ಲಿ ವಿಚಾರಿಸುತ್ತೇವೆ. ಮುದಿಯಾದಾಗ ಏನು ಮಾಡೋದು ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಈ ನಾಯಿಗಳಿಗೆ ಮುಪ್ಪು ಬೇಗ. ಸಣ್ಣ ಜಾತಿಯವು 13-14 ವರ್ಷ ಬಾಳುವುದುಂಟು. ಅಲ್ಸೇಶಿಯನ್ ಸಾಮಾನ್ಯವಾಗಿ 10-12 ವರ್ಷ. ಗ್ರೇಟ್ ಡೇನ್ ಅದಕ್ಕೂ ಕಡಿಮೆ. ಏಳೆಂಟು ವರ್ಷಕ್ಕೇ ಸೊಂಟ, ಹಿಂಗಾಲು ಸೋಲತೊಡಗುತ್ತವೆ. ಮರಿ ತರುವಾಗಲೇ ಇದು ಲೆಕ್ಕದಲ್ಲಿರಬೇಕು.

"ಕಾವಲು ಕಾಯದ ನಾಯಿಗೆ ಅನ್ನ ಯಾಕೆ?" ಎನ್ನುವವರಿದ್ದಾರೆ. ಎಂಟು ವರ್ಷ ನಾವು ನಿಶ್ಚಿಂತೆಯಿಂದ ಮಲಗಿದ್ದು ಅದು ಎಚ್ಚರವಿದ್ದ ಕಾರಣ. ಇನ್ನೆರಡು ಮೂರು ವರ್ಷ ಅದು ಮಲಗಲಿ ಬಿಡಿ. ಕೆಲವರು ಜೀಪಿನಲ್ಲಿ ಹಾಕಿ ಘಾಟಿ ರಸ್ತೆಯಲ್ಲೋ ಪೇಟೆ ಬದಿಯಲ್ಲೋ ಬಿಟ್ಟು ಬರುತ್ತಾರೆ. ಮನೆಯ ಅನ್ನ ಉಂಡು ಬೆಳೆದದ್ದಕ್ಕೆ ಹುಡುಕಿ ತಿನ್ನಲು ಗೊತ್ತಿಲ್ಲ. ಸೋತ ಕಾಲಿನಲ್ಲಿ ಬೀದಿನಾಯಿಗಳ ಜೊತೆ ಕಚ್ಚಾಡಲೂ ಆಗದು. ಬಿಟ್ಟು ಬಂದರೆ ನಿಧಾನಕ್ಕೆ ಕೊಂದ ಹಾಗೆಯೇ. ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಂತೆ ಅಪರಾಧವೂ ಹೌದು.

ಸಾಕುವುದೇನೂ ಕಷ್ಟವಿಲ್ಲ. ನಮ್ಮ ಅಲ್ಸೇಶಿಯನ್‌ಗೆ ಈಗ 11 ನಡೆಯುತ್ತಿದೆ. ಸಿಮೆಂಟು ನೆಲದಲ್ಲಿ ಮಲಗಿದರೆ ಮುಂಗಾಲಿನ ಮೊಣಕೈ ದಡ್ಡುಗಟ್ಟಿ ಹುಣ್ಣಾಗುತ್ತದೆ. ಅದಕ್ಕೆ ಗೋಣಿಚೀಲದೊಳಗೆ ಬೈಹುಲ್ಲು ತುಂಬಿ ಹಾಸಿಗೆ ಮಾಡಿದ್ದೇವೆ. ವಾರಕ್ಕೊಮ್ಮೆ ಬಿಸಿಲಿಗೆ ಹಾಕುತ್ತೇವೆ. ನುಣುಪು ನೆಲದಲ್ಲಿ ಕಾಲು ಜಾರುವುದರಿಂದ ಅದು ನಡೆಯುವಲ್ಲೂ ಗೋಣಿ ಹಾಸಿದ್ದೇವೆ. ಹಗಲಿಡೀ ಸಂಕೋಲೆ ಹಾಕಿದರೆ ಗಂಟುಗಳು ಹಿಡಿದುಕೊಳ್ಳುತ್ತವೆ. ಬೆಳಿಗ್ಗೆ, ಸಂಜೆ ತೋಟದಲ್ಲಿ ನಿಧಾನಕ್ಕೆ ಒಂದು ಸುತ್ತು ಬೇಕು.

ಮೈ ಬೆಳೆಯಲು ಬಿಡಬೇಡಿ. ಸೋತ ಸೊಂಟಕ್ಕೆ ಒಂದೊಂದು ಕಿಲೋವೂ ಹೊರೆ. ಕೈಯಾಡಿಸಿದರೆ ಪಕ್ಕೆಲುಬು ಸಿಗಬೇಕು. ರಾಶಿ ಅನ್ನ ಒಂದೇ ಹೊತ್ತಿಗೆ ಹಾಕಬಾರದು. ದೊಡ್ಡ ನಾಯಿಗಳಲ್ಲಿ ಹೊಟ್ಟೆ ಉಬ್ಬರಿಸಿ ತಿರುಚಿಕೊಳ್ಳುವುದುಂಟು. ಹಾಗಾದರೆ ಕೆಲವೇ ಗಂಟೆಗಳಲ್ಲಿ ಪ್ರಾಣ ಹೋದೀತು. ಎರಡು ಮೂರು ಪಾಲು ಮಾಡಿ ಹಾಕಿ.

ಕುಂಟುತ್ತದೆ ಅಂತ ಮನೆಯಲ್ಲಿದ್ದ ನೋವಿನ ಮಾತ್ರೆ ನುಂಗಿಸಬೇಡಿ ಮಾರಾಯ್ರೆ! ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳಿಂದ ನಾಯಿಯ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸುರಿಯಬಹುದು, ಮೂತ್ರಪಿಂಡ ಕೆಡಬಹುದು. ಪ್ಯಾರಾಸಿಟಮಾಲ್ ಹೆಚ್ಚಾದರೆ ಪಿತ್ತಜನಕಾಂಗಕ್ಕೆ ಪೆಟ್ಟು. ನಾಯಿಗೆಂದೇ ಬೇರೆ ಮದ್ದಿದೆ, ಪಶುವೈದ್ಯರಲ್ಲಿ ಕೇಳಿ. ರೇಬೀಸ್ ಚುಚ್ಚುಮದ್ದು ಮುದಿನಾಯಿಗೂ ತಪ್ಪಿಸುವಂತಿಲ್ಲ.

ಕಣ್ಣು, ಕಿವಿ ಮಂದವಾದ ನಾಯಿಯನ್ನು ಮಲಗಿದಲ್ಲಿ ತಟ್ಟನೆ ಮುಟ್ಟಿದರೆ ಬೆದರಿ ಕಚ್ಚೀತು. ಮೊದಲು ಎದುರಿಗೆ ಬಂದು ಕರೆಯಬೇಕೆಂದು ಮಕ್ಕಳಿಗೆ ಹೇಳಿಕೊಡಿ.

ಕಾವಲು ತಪ್ಪಬಾರದು ಎಂದಿದ್ದರೆ ಹಳೆಯದಕ್ಕೆ ಆರು ವರ್ಷವಾದಾಗಲೇ ಇನ್ನೊಂದು ಮರಿ ತನ್ನಿ. ಹಿರಿಯದನ್ನು ನೋಡಿ ಕಿರಿಯದು ತೋಟದ ಗಡಿ ಕಲಿಯುತ್ತದೆ. ಏಳಲಾಗದೆ, ತಿನ್ನಲಾಗದೆ ನರಳುವ ದಿನ ಬಂದರೆ ವೈದ್ಯರನ್ನೇ ಕರೆಸಿ, ನೋವಿಲ್ಲದ ಕೊನೆ ಕೊಡಿಸಿ, ಪಕ್ಕದಲ್ಲಿ ನಿಲ್ಲಿ. ಇಷ್ಟು ಆಗದವರು ಮರಿ ತರುವುದೇ ಬೇಡ. ಬೇಲಿ ಗಟ್ಟಿ ಮಾಡಿಕೊಂಡರೆ ಸಾಕು.