ಹರಕೆಯ ಫಲ ಯಾರಿಗೆ?

ಕಾಗವಾಡ, ಅಥಣಿ, ರಾಯಬಾಗದ ಕಡೆ ಬೇನೆ ಬಲಿತಿತೆಂದರೆ ಹಿರಿಯರ ಬಾಯಲ್ಲಿ ಬರುವ ಮಾತು ‘ಮಿರಜಿಗೆ ಒಯ್ರಿ’. ಮಿರಜು ಮಹಾರಾಷ್ಟ್ರದ ಊರು, ಆದರೂ ಗಡಿಯ ತಂಟೆ ಆ ಹೊತ್ತಿಗೆ ಯಾರಿಗೂ ನೆನಪಾಗುವುದಿಲ್ಲ. ರೋಗಿಯನ್ನು ದವಾಖಾನೆಗೆ ಸೇರಿಸಿ, ಜೊತೆಗೆ ಬಂದವರಲ್ಲಿ ಒಬ್ಬರು ಮೀರಾಸಾಹೇಬರ ದರ್ಗಾಕ್ಕೆ ಹೋಗಿ ಹರಕೆ ಹೊತ್ತು ಬರುವುದೂ ಉಂಟು, ಅವರು ಯಾವ ಜಾತಿಯವರೇ ಆಗಲಿ.

ದೈವನಿಷ್ಠೆಯುಳ್ಳವರು ಹೆಚ್ಚು ನೆಮ್ಮದಿಯಿಂದಿರುತ್ತಾರೆಯೇ? ಸಮಾಜಶಾಸ್ತ್ರದ ಹಳೆಯ ಪ್ರಶ್ನೆಯಿದು. ಫ್ರಾನ್ಸಿನ ಎಮಿಲ್ ದುರ್ಖೈಮ್ 1897ರಲ್ಲಿ ಆತ್ಮಹತ್ಯೆಯ ಬಗ್ಗೆ ಬರೆಯುತ್ತ, ಮನುಷ್ಯನನ್ನು ಕಾಯುವುದು ಧರ್ಮದ ತತ್ತ್ವಕ್ಕಿಂತ ಅದು ಕಟ್ಟಿಕೊಡುವ ಕೂಟ ಎಂದ. 2011ರಲ್ಲಿ ಮನಶ್ಶಾಸ್ತ್ರಜ್ಞ ಎಡ್ ಡೀನರ್ ಮತ್ತು ಸಂಗಡಿಗರು ಹಲವು ದೇಶಗಳ ಸಮೀಕ್ಷೆಗಳನ್ನು ಜಾಲಾಡಿದರು. ಬದುಕು ಕಷ್ಟವಾದ ನಾಡುಗಳಲ್ಲಿ ಭಕ್ತರಿಗೆ ನೆಮ್ಮದಿ ಹೆಚ್ಚು. ಅನುಕೂಲವಂತ ನಾಡುಗಳಲ್ಲಿ ಭಕ್ತರಿಗೂ ಉಳಿದವರಿಗೂ ಹೇಳಿಕೊಳ್ಳುವಂಥ ಅಂತರವಿಲ್ಲ. ಒಪ್ಪೋಣ. ಆದರೆ ಇಂಥ ಲೆಕ್ಕದಲ್ಲಿ ‘ಸುಖವೇ?’ ಎಂದು ಕೇಳುವುದು ಭಕ್ತನನ್ನೇ. ಅವನ ಭಕ್ತಿಯಿಂದ ಪಕ್ಕದವನಿಗೇನಾಯಿತು ಎಂಬುದಕ್ಕೆ ಅಲ್ಲಿ ಕಾಲಂ ಇಲ್ಲ.

ಮಿರಜಿನಲ್ಲಿ ನೋಡಬೇಕಾದ್ದು ಅದನ್ನೇ. ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನ್ನಿನ ವೈದ್ಯ ವಿಲಿಯಂ ವಾನ್‌ಲೆಸ್ ಇಲ್ಲಿ 1894ರಲ್ಲಿ ಆಸ್ಪತ್ರೆ ತೆರೆದದ್ದು ಕ್ರಿಸ್ತನ ಹೆಸರಿನಲ್ಲಿ. ಜನ ತಮ್ಮ ಮತಕ್ಕೆ ಬರಲೆಂಬ ಆಸೆ ಮಿಷನ್ನಿಗೆ ಇದ್ದೇ ಇತ್ತು, ಮುಚ್ಚಿಡಬೇಕಾದ್ದೇನಿಲ್ಲ. ಆದರೆ ಕಣ್ಣಿನ ಪೊರೆ ತೆಗೆಸಿಕೊಂಡವರಲ್ಲಿ ಬಹುತೇಕರು ತಮ್ಮ ತಮ್ಮ ಮನೆದೇವರಿಗೇ ಕಾಯಿ ಒಡೆಸಿರಬೇಕು.

ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರ ಕಥೆಯೂ ಹೀಗೆಯೇ. ಪ್ಲೇಗಿನ ಬೇನೆಯಲ್ಲಿ ದರ್ಗಾದಲ್ಲಿ ಹಾಡಿ ಗುಣವಾದರು ಎನ್ನುತ್ತದೆ ಊರು. ಗುಣಪಡಿಸಿದ್ದು ಹಾಡೆಂದು ನಾನು ನಂಬುವುದಿಲ್ಲ. ಹರಕೆಯನ್ನೇ ನೆಚ್ಚಿ ರೋಗ ಬಲಿಯಗೊಟ್ಟವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಉತ್ತರದ ಕೈರಾನಾದ ಆ ಗವಾಯಿ ಮಿರಜಿನಲ್ಲಿ ನೆಲೆ ನಿಂತದ್ದು ನಿಜ. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು. ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. 1937ರಲ್ಲಿ ತೀರಿಕೊಂಡ ಖಾನರನ್ನು ಮಣ್ಣು ಮಾಡಿದ್ದು ಅದೇ ದರ್ಗಾದ ಆವರಣದಲ್ಲಿ. ಉರುಸಿಗೆ ಈಗಲೂ ಗವಾಯಿಗಳು ಬಂದು ಹಾಡುತ್ತಾರೆ. ಒಬ್ಬರ ನಿಷ್ಠೆ ಧಾರವಾಡ ಸೀಮೆಯ ಕಿವಿಗೆಲ್ಲ ದಕ್ಕಿತು. ಖಾನರು ಸ್ವತಃ ಎಷ್ಟು ಸುಖಿಯಾಗಿದ್ದರು ಎಂಬುದು ನನಗೆ ಸಣ್ಣ ಪ್ರಶ್ನೆಯಾಗಿ ಕಾಣುತ್ತದೆ.

ರೋಗಿಯ ಜೊತೆ ಮಿರಜಿನ ದವಾಖಾನೆಗಳಲ್ಲಿ ದಿನ ಕಳೆದ ಓದುಗರು ನಮಗೆ ಬರೆಯಬೇಕು. ನಿಮ್ಮ ದೇವರು ಯಾರೆಂದು ತಿಳಿಸಬೇಕಿಲ್ಲ; ಆ ದಿನಗಳಲ್ಲಿ ನಿಮಗೆ ರೊಟ್ಟಿ ತಂದುಕೊಟ್ಟವರು ಯಾರೆಂದು ಬರೆಯಿರಿ.